ಹಿಟ್ಟಿನ ಹುಳುವಿನ ಮೀಸೆ

ಗೋಧಿಹಿಟ್ಟಿನ ಡಬ್ಬಿಯಲ್ಲಿ ಕೆಂಗಂದು ಬಣ್ಣದ ಹುಳು ಕಂಡರೆ ಗೃಹಿಣಿಗೆ ಕೋಪ, ಗೃಹಸ್ಥನಿಗೆ ಖರ್ಚಿನ ಚಿಂತೆ. ಆದರೆ ಅದನ್ನು ಬೇಕೆಂದೇ ಹಿಟ್ಟಿನಲ್ಲಿ ಸಾಕುವ ಮಹನೀಯರೂ ಲೋಕದಲ್ಲಿದ್ದಾರೆ. ನಾವು ಜರಡಿ ಹಿಡಿಯುವುದು ಹಿಟ್ಟಿಗಾಗಿ. ಅವರು ಹಿಡಿಯುವುದು ಹುಳುವಿಗಾಗಿ.

ಟ್ರೈಬೋಲಿಯಂ ಎಂಬುದು ಶಾಸ್ತ್ರಜ್ಞರು ಇದಕ್ಕಿಟ್ಟ ನಾಮಧೇಯ. ಮೈಯುದ್ದ 3-4 ಮಿಲಿಮೀಟರು. ವರ್ಣತಂತುಗಳು 10 ಜೊತೆ. ಆ ತಂತುಗಳ ಮೇಲೆ ಯಾವ ಗುಣದ ವಂಶವಾಹಿ ಎಲ್ಲಿ ಕುಳಿತಿದೆಯೆಂದು ತಿಳಿಯುವ ಉಪಾಯ ವಿಚಿತ್ರವಾದದ್ದು: ಮೊದಲು ಕೆಡಿಸಬೇಕು. ಕಿರಣವನ್ನೋ ರಾಸಾಯನಿಕವನ್ನೋ ತಾಗಿಸಿ, ಸಂತಾನದಲ್ಲಿ ಏನು ವ್ಯತ್ಯಾಸವಾಯಿತೆಂದು ನೋಡಬೇಕು. ಕ್ಷ-ಕಿರಣದಿಂದ ಹೀಗಾಗುವುದೆಂದು ಮುಲ್ಲರ್ ಹಣ್ಣಿನ ನೊಣದಲ್ಲಿ ತೋರಿಸಿದ್ದು 1927ರಲ್ಲಿ.

ಆಮೇಲೆ ನಕ್ಷೆಯ ಕೆಲಸ. ಜಾತ್ರೆಯ ನೂಕುನುಗ್ಗಲಿನಲ್ಲಿ ಕೈಹಿಡಿದು ನಡೆಯುವ ಅಕ್ಕತಂಗಿಯರು ಅಗಲುವುದು ಅಪರೂಪ; ದೂರದೂರ ನಡೆಯುವವರು ಬೇಗ ತಪ್ಪಿಹೋಗುತ್ತಾರೆ. ಹಾಗೆಯೇ ಎರಡು ಗುಣಗಳು ಮಕ್ಕಳಿಗೆ ಹೋಗುವಾಗ ಎಷ್ಟು ಸಲ ಅಗಲಿದವೆಂದು ಎಣಿಸಿದರೆ ಅವುಗಳ ನಡುವಣ ದೂರ ತಿಳಿಯುತ್ತದೆ. ನೂರಕ್ಕೊಂದು ಅಗಲಿಕೆಯಾದರೆ ನಕ್ಷೆಯಲ್ಲಿ ಒಂದು ಅಳತೆ.

ಅಮೆರಿಕದ ಗೋಧಿಸೀಮೆಯಾದ ಕಾನ್ಸಾಸ್‌ನಲ್ಲಿ ರಿಚರ್ಡ್ ಬೀಮನ್ ಎಂಬವರು 1987ರಲ್ಲಿ ಒಂದು ಸಂಗತಿಯನ್ನು ತಿಳಿಸಿದರು. ಇದು ತಲೆ, ಇದು ಎದೆ, ಇದು ಹೊಟ್ಟೆ ಎಂದು ಮೈಗೆ ಹೇಳಿಕೊಡುವ ವಂಶವಾಹಿಗಳು ಹಣ್ಣಿನ ನೊಣದಲ್ಲಿ ಎರಡು ಪಾಲಾಗಿವೆ. ಹಿಟ್ಟಿನ ಹುಳುವಿನಲ್ಲಿ ಅವಿಭಕ್ತ ಕುಟುಂಬದಂತೆ ಒಂದೇ ಸಾಲಿನಲ್ಲಿವೆ. ಅದೇ ಕುಲದವು ಮನುಷ್ಯನಲ್ಲಿಯೂ ಇವೆ, ನಾಲ್ಕು ಸಾಲಾಗಿ. 1991ರ ಇನ್ನೊಂದು ವರದಿಯಲ್ಲಿ, ಆ ಸಾಲೇ ಕಳಚಿಹೋದ ಹುಳುವಿನ ಭ್ರೂಣದ ವರ್ಣನೆಯಿದೆ. ಕಾಲಿರಬೇಕಾದಲ್ಲಿ ಮೀಸೆ, ಹೊಟ್ಟೆಯ ಭಾಗಗಳಲ್ಲೂ ಮೀಸೆ!

ಇದನ್ನೋದಿ ನಗಲು ಹೋದೆ, ಆಗಲಿಲ್ಲ. ನಮ್ಮ ತಾಯಿ ತೀರಿಕೊಂಡ ವರ್ಷ ನೆನಪಾಯಿತು. ಹಾಲಿನವನ ಲೆಕ್ಕ, ಸೋದರತ್ತೆಗೆ ಕಳಿಸಬೇಕಾದ ಗೌರಿಹಬ್ಬದ ಬಾಗಿನ, ಅಣ್ಣತಮ್ಮಂದಿರ ಮುನಿಸಿನ ನಡುವೆ ಬಂದು ಕೂರುವುದು—ಇವೆಲ್ಲ ಯಾರ ಕೆಲಸವೆಂದು ಅವರಿರುವವರೆಗೆ ಯಾರೂ ಕೇಳಿರಲಿಲ್ಲ. ಅವರು ಹೋದ ಮೇಲೆ ನಾವು ನಾಲ್ವರೂ ಯಜಮಾನರಾದೆವು. ಮನೆಯ ತುಂಬ ಮೀಸೆ.

ಸಾಲು ಕಳೆದುಕೊಂಡ ಆ ಭ್ರೂಣ ಮೊಟ್ಟೆಯೊಡೆದು ಹೊರಬರುವುದಿಲ್ಲವಂತೆ. ನಮ್ಮದು ಹಾಗಾಗಲಿಲ್ಲ, ಕೆಲಸಗಳನ್ನು ಹಂಚಿಕೊಂಡೆವು. ಬಾಗಿನವನ್ನು ಕೊನೆಯ ತಮ್ಮ ಒಯ್ಯುತ್ತಾನೆ. ಹಾಲಿನ ಲೆಕ್ಕ ನನ್ನದು. ಮುನಿಸು ತೀರಿಸುವ ಕೆಲಸಕ್ಕೆ ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ.