ನಾಲ್ಕು ಊರು, ಎರಡು ಊರುಗೋಲು

ಹಾಸನ ಜಿಲ್ಲೆಗೆ ಬಂದವರೆಲ್ಲ ಬೇಲೂರು, ಹಳೇಬೀಡು ನೋಡಿಕೊಂಡು, ಶಿಲಾಬಾಲಿಕೆಯರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. 2023ರಲ್ಲಿ ಆ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಕೇಳುವುದೇ ಬೇಡ. ಇದೇ ಜಿಲ್ಲೆಯಲ್ಲಿ ಹುಟ್ಟಿ ಇದೇ ಜಿಲ್ಲೆಗೆ ಸೊಸೆಯಾದ ನಾನು ಮಾತ್ರ ಕಳೆದ ವರ್ಷ ಆಷಾಢದಿಂದ ಸಂಕ್ರಾಂತಿಯವರೆಗೆ ಸುತ್ತಿದ ದಾರಿಯೇ ಬೇರೆ. ಅರಕಲಗೂಡು, ಚನ್ನರಾಯಪಟ್ಟಣ, ಹಾಸನ, ಹೊಳೆನರಸೀಪುರ, ಈ ನಾಲ್ಕು ಊರುಗಳಲ್ಲಿ ಎಲ್ಲಿ ಮೆಟ್ಟಿಲು ಎತ್ತರ, ಎಲ್ಲಿ ಕೂರಲು ಬೆಂಚಿದೆ, ಎಲ್ಲಿ ನೆಲ ಜಾರುತ್ತದೆ ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಇದಕ್ಕೆಲ್ಲ ಕಾರಣ ನನ್ನ ದೊಡ್ಡ ಮಗಳ ಎಡಗಾಲು.

ಅವಳಿಗೆ ಇಪ್ಪತ್ನಾಲ್ಕು ವರ್ಷ. ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ ಟೀಚರು. ಅಲ್ಲೇ ನನ್ನ ತಂಗಿಯ ಮನೆಯಲ್ಲಿದ್ದುಕೊಂಡು ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದಳು. ಒಂದು ಸಂಜೆ ಜಿಟಿಜಿಟಿ ಮಳೆ. ಊರಾಚೆಯ ತಿರುವಿನಲ್ಲಿ ಟ್ರಾಕ್ಟರೊಂದು ಸ್ಕೂಟರಿಗೆ ತಾಗಿತು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ತೊಡೆಯ ಮೂಳೆ ಎರಡು ತುಂಡಾಯಿತು.

ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ಕಾಲಿಗೆ ಕಬ್ಬಿಣದ ಚೌಕಟ್ಟು ಕಟ್ಟಿ, ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ನಲವತ್ತು ಕಿಲೋಮೀಟರಿಗೂ ಕಡಿಮೆ ದಾರಿ. ನನ್ನ ತಂಗಿ ಅವಳ ಕೈ ಹಿಡಿದುಕೊಂಡು ಬಂದಳಂತೆ. ನಾವು ಅರಕಲಗೂಡಿನಿಂದ ಗೊರೂರಿನ ಮೇಲೆ ಹಾದು ಓಡಿಬಂದೆವು. ಆ ಮಳೆಗಾಲದಲ್ಲಿ ಹೇಮಾವತಿ ಅಣೆಕಟ್ಟು ತುಂಬಿತ್ತೋ ಇಲ್ಲವೋ, ನನಗೆ ಕಂಡಿದ್ದರೆ ತಾನೆ!

ಆ ಕಬ್ಬಿಣದ ಚೌಕಟ್ಟಿಗೆ ಥಾಮಸ್ ಸ್ಪ್ಲಿಂಟ್ ಎನ್ನುತ್ತಾರೆ. ಹಾಸಿಗೆಯಲ್ಲಿ ಬೇಜಾರು ಕಳೆಯಲು ಮಗಳೇ ಆಮೇಲೆ ಅದರ ಕಥೆ ಓದಿ ಹೇಳಿದಳು. ಹ್ಯೂ ಓವೆನ್ ಥಾಮಸ್ (1834–1891) ಎಂಬ ವೇಲ್ಸ್ ದೇಶದ ಡಾಕ್ಟರು ಮಾಡಿದ್ದಂತೆ. ಆತನ ಅಪ್ಪ, ತಾತ ಎಲ್ಲ ನಮ್ಮ ಹಳ್ಳಿ ಕಡೆಯವರ ಹಾಗೆ ಮೂಳೆ ಕಟ್ಟುವವರೇ. ಮೊದಲನೇ ಮಹಾಯುದ್ಧದಲ್ಲಿ ತೊಡೆ ಮುರಿದ ಎಷ್ಟೋ ಸೈನಿಕರ ಜೀವ ಉಳಿಸಿದ್ದು ಈ ಚೌಕಟ್ಟು. ಮುರಿದ ತೊಡೆಯನ್ನು ಅಲುಗಾಡಿಸಿದರೆ ಒಳಗೇ ರಕ್ತ ಹರಿದು ಪ್ರಾಣಕ್ಕೆ ಸಂಚಕಾರ. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಕೈಕಾಲು ಹಿಡಿದು ಎತ್ತಿ ಆಟೋಗೆ ಹಾಕಬೇಡಿ ಎನ್ನುವುದು ಅದಕ್ಕೇ. 108ಕ್ಕೆ ಫೋನ್ ಮಾಡಿ.

ಹಾಸನದಲ್ಲಿ ಆಪರೇಷನ್ ಆಯಿತು. ಮೂಳೆಯ ಪೊಳ್ಳಿನೊಳಗೆ ಉದ್ದಕ್ಕೆ ಒಂದು ರಾಡು ಹಾಕಿ ಮೇಲೂ ಕೆಳಗೂ ಸ್ಕ್ರೂ ಬಿಗಿದರು. 1939ರಲ್ಲಿ ಜರ್ಮನಿಯ ಕುಂಟ್ಷರ್ ಎಂಬ ಡಾಕ್ಟರು ಶುರುಮಾಡಿದ ಚಿಕಿತ್ಸೆ ಇದು. ಅದಕ್ಕೆ ಮುಂಚೆ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ನನ್ನ ಮಗಳನ್ನು ಮಾರನೇ ದಿನವೇ ಎಬ್ಬಿಸಿ ಕೂರಿಸಿದರು, ಮೂರನೇ ದಿನ ವಾಕರ್ ಹಿಡಿಸಿ ನಿಲ್ಲಿಸಿದರು. ನನಗೋ ಎದೆ ಝಲ್ ಎಂದಿತು. "ಡಾಕ್ಟ್ರೇ, ಇಷ್ಟು ಬೇಗನಾ?" ಎಂದೆ. "ಮಲಗೇ ಇದ್ರೆ ಕಾಲಿನ ರಕ್ತ ಹೆಪ್ಪುಗಟ್ಟುತ್ತೆ ತಾಯಿ. ಮೀನಖಂಡ ಊದಿಕೊಂಡು ನೋವು ಬಂದ್ರೆ, ಉಸಿರು ಕಟ್ಟಿದ ಹಾಗಾದ್ರೆ ತಡಮಾಡದೆ ಕರ್ಕೊಂಡು ಬನ್ನಿ" ಎಂದರು. ಈ ಮಾತನ್ನು ನೀವೂ ನೆನಪಿಟ್ಟುಕೊಳ್ಳಿ.

ಒಂಬತ್ತು ದಿನವಾದ ಮೇಲೆ ಅರಕಲಗೂಡಿಗೆ ಕರೆದುಕೊಂಡು ಬಂದೆವು. ಆವಾಗ ಗೊತ್ತಾಯಿತು ನೋಡಿ, ಇಪ್ಪತ್ತೈದು ವರ್ಷ ಬಾಳಿದ ನನ್ನ ಮನೆ ಎಂಥದ್ದು ಎಂದು! ಬೀದಿಯಿಂದ ಜಗುಲಿಗೆ ಮೂರು ಮೆಟ್ಟಿಲು. ಬಾಗಿಲಿಗೆ ಗೇಣೆತ್ತರದ ಹೊಸ್ತಿಲು. ಬಚ್ಚಲು ಹಿತ್ತಲಲ್ಲಿ, ಅಲ್ಲಿಗೆ ಹೋಗಲು ಮತ್ತೆರಡು ಮೆಟ್ಟಿಲು. ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರುವುದಂತೂ ಸಾಧ್ಯವೇ ಇಲ್ಲ. ನಮ್ಮವರೂ ಮೈದುನನೂ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ಒಳಗೆ ತಂದರು. ಬೀದಿಯವರೆಲ್ಲ ನಿಂತು ನೋಡಿದರು. ಅವಳು ಸೆರಗಿನಂತೆ ದುಪಟ್ಟಾ ಮುಖಕ್ಕೆ ಎಳೆದುಕೊಂಡಳು.

ಸಾಲದ್ದಕ್ಕೆ ನಮ್ಮ ಭಾವನವರು, "ಎಣ್ಣೆ ಹಾಕಿ ನೀವಿ ಕಟ್ಟಿದ್ರೆ ಹದಿನೈದು ದಿನಕ್ಕೆ ಓಡಾಡ್ತಾಳೆ" ಎಂದು ಒಬ್ಬರನ್ನು ಕರೆತಂದೇಬಿಟ್ಟರು. ಹಿರಿಯರಿಗೆ ಎದುರಾಡುವುದು ಹೇಗೆ? ಆದರೂ ಧೈರ್ಯ ಮಾಡಿ, "ಭಾವ, ಒಳಗೆ ರಾಡಿದೆ. ನೀವಬಾರದು ಅಂತ ಡಾಕ್ಟ್ರು ಹೇಳವ್ರೆ" ಎಂದು, ಬಂದವರಿಗೆ ಕಾಫಿ ಕೊಟ್ಟು ಕಳಿಸಿದೆ. ಭಾವನವರು ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ನಾಲ್ಕನೇ ದಿನ ನನ್ನ ಅಣ್ಣ ಬಂದ. "ಹೊಳೆನರಸೀಪುರಕ್ಕೆ ಬಾರವ್ವ. ನಮ್ಮನೆ ನೆಲ ಸಮ ಇದೆ, ಕುರ್ಚಿ ಥರದ ಕಮೋಡು ಇದೆ, ವ್ಯಾಯಾಮ ಹೇಳಿಕೊಡೋರೂ ಹತ್ತಿರದಲ್ಲೇ ಅವ್ರೆ" ಎಂದ. ಬಾಣಂತನಕ್ಕೆ ಹೋದ ತವರಿಗೆ, ಆಗ ಹುಟ್ಟಿದ ಮಗಳನ್ನೇ ಕರೆದುಕೊಂಡು ಮತ್ತೆ ಆರೈಕೆಗೆ ಹೋದೆ. ಅತ್ತಿಗೆ ನನಗಿಂತ ಮೊದಲೇ ಬಚ್ಚಲಿಗೆ ರಬ್ಬರಿನ ಮ್ಯಾಟು ಹಾಸಿ, ಗೋಡೆಗೆ ಹಿಡಿ ಹಾಕಿಸಿ, ನಡುಮನೆಯ ಚಾಪೆ ಜಮಖಾನ ಎಲ್ಲ ಸುತ್ತಿ ಅಟ್ಟಕ್ಕೆ ಸೇರಿಸಿದ್ದರು. ಅಂಥ ಅತ್ತಿಗೆ ಎಲ್ಲರಿಗೂ ಸಿಗಲಿ.

ಹೊಳೆನರಸೀಪುರ ಹೆಸರಿಗೆ ತಕ್ಕ ಹಾಗೆ ಹೊಳೆಯ ಊರು, ನರಸಿಂಹಸ್ವಾಮಿಯ ಊರು. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿದ ಹೇಮಾವತಿ ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಇಲ್ಲಿಗೆ ಬಂದು, ಮುಂದೆ ಕನ್ನಂಬಾಡಿ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಮೈಸೂರು ರೈಲು ಕೂಗುವ ಹೊತ್ತಿಗೆ ನಮ್ಮ ವ್ಯಾಯಾಮ ಶುರು. ಮಲಗಿಕೊಂಡು ಪಾದ ಮೇಲೆ ಕೆಳಗೆ ಆಡಿಸುವುದು, ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದು, ಮಂಡಿ ಮಡಚುವುದು. ನೋವಿಗೆ ಅವಳ ಕಣ್ಣಲ್ಲಿ ನೀರು, ಅದನ್ನು ನೋಡಿ ನನ್ನ ಕಣ್ಣಲ್ಲೂ ನೀರು. "ಅವ್ವಾ, ನೀನು ಹೊರಗಿರು. ನಿನ್ನ ಮುಖ ನೋಡಿದ್ರೇ ನಂಗೆ ನೋವು ಜಾಸ್ತಿ" ಎಂದಳು. ನಾನು ಅಡಿಗೆಮನೆಗೆ ಹೋದೆ.

ಅಡಿಗೆಮನೆಯಲ್ಲಿ ಕೆಲಸಕ್ಕೇನು ಕಮ್ಮಿ! ಮೂಳೆ ಕಟ್ಟಲು ಬೇಕಾದದ್ದು ನಮ್ಮ ಸೀಮೆಯ ಊಟದಲ್ಲೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿರುತ್ತದೆ. ಮುದ್ದೆ, ನುಗ್ಗೆಸೊಪ್ಪಿನ ಬಸ್ಸಾರು, ಹುರುಳಿ ಮೊಳಕೆ ಸಾರು, ದಿನಕ್ಕೆರಡು ಮೊಟ್ಟೆ, ರಾತ್ರಿ ಹಾಲು. ಸುಣ್ಣ ಒಂದೇ ಸಾಲದು, ಮಾಂಸ ಬಲಿಯಲು ಕಾಳು, ಮೊಟ್ಟೆ ಬೇಕೇಬೇಕು. ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತದೆ. ಅದಕ್ಕೆ ಸೊಪ್ಪು, ಸೀಬೆಹಣ್ಣು, ಬೇಕಾದಷ್ಟು ನೀರು. ಊಟದಲ್ಲಿರುವ ಸುಣ್ಣ ಮೈಗೆ ಹತ್ತಲು ಬಿಸಿಲೂ ಬೇಕು, ಅದೂ ಎಳೆಬಿಸಿಲಲ್ಲ, ಹೊತ್ತೇರಿದ ಬಿಸಿಲು. "ಅರ್ಕ ಅಂದ್ರೆ ಸೂರ್ಯ. ನಾವು ಅರಕಲಗೂಡಿನವರು, ಹೊಳೆನರಸೀಪುರಕ್ಕೆ ಬಂದು ಬಿಸಿಲು ಕಾಯಿಸ್ಕೋತಾ ಇದ್ದೀವಿ" ಎಂದು ಮಗಳು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮೂರು ತಿಂಗಳಿಗೆ ಎಕ್ಸ್‌ರೇಗೆಂದು ಹಾಸನಕ್ಕೆ ಹೋದೆವು. ಆಶ್ವೀಜ ಮಾಸ, ಹಾಸನಾಂಬೆಯ ಬಾಗಿಲು ತೆರೆದಿತ್ತು. ವರ್ಷಕ್ಕೊಮ್ಮೆ ಕೆಲವೇ ದಿನ ದರ್ಶನ ಕೊಡುವ ತಾಯಿ ಅವಳು. ಬಲಿಪಾಡ್ಯಮಿ ಕಳೆದ ಮೇಲೆ ಬಾಗಿಲು ಮುಚ್ಚಿದರೆ ಮತ್ತೆ ಮುಂದಿನ ವರ್ಷವೇ. ಊರೆಲ್ಲ ಜನವೋ ಜನ. ಆಪರೇಷನ್ ದಿನ ನಾನು, "ತಾಯಿ, ಇವಳನ್ನ ನಿನ್ನ ಬಾಗಿಲಿಗೆ ನಡೆಸಿಕೊಂಡು ಬರ್ತೀನಿ" ಎಂದು ಹರಕೆ ಕಟ್ಟಿಕೊಂಡಿದ್ದೆ. ಸಾಲು ನೋಡಿದರೆ ಗಂಟೆಗಟ್ಟಲೆ ನಿಲ್ಲಬೇಕು. ಅವಳ ಕಂಕುಳಲ್ಲಿ ಎರಡು ಊರುಗೋಲು. ದೂರದಿಂದಲೇ ಇಬ್ಬರೂ ಕೈ ಮುಗಿದೆವು. ಹೆತ್ತವಳ ಕಷ್ಟ ಆ ತಾಯಿಗೆ ಗೊತ್ತಿರುತ್ತದೆ.

ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಹೊಗೆಯಂತೆ ಬೆಳ್ಳಗೆ ಕಂಡಿತು. ಅದೇ ಹೊಸ ಮೂಳೆಯಂತೆ. ಬಿರುಕು ಬಿಟ್ಟ ಗೋಡೆಗೆ ಮೊದಲು ಮಣ್ಣು ಮೆತ್ತಿ, ಒಣಗಿದ ಮೇಲೆ ಗಾರೆ ಹಾಕಿ, ಕೊನೆಗೆ ನಯ ಮಾಡುತ್ತೇವಲ್ಲ, ಹಾಗೆ ದೇಹವೂ ಮೊದಲು ಮೆತ್ತನೆಯದನ್ನು ಕಟ್ಟಿ, ಆಮೇಲೆ ಗಟ್ಟಿ ಮಾಡಿ, ನಿಧಾನವಾಗಿ ತಿದ್ದಿಕೊಳ್ಳುತ್ತದೆ. "ಇನ್ನು ಕಾಲಿನ ಮೇಲೆ ಭಾರ ಹಾಕಿ ನಡೀಬಹುದು" ಎಂದರು. ಎಷ್ಟು ಭಾರ, ಯಾವಾಗ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ನೆರೆಮನೆಯವರ ಲೆಕ್ಕ ನಮಗೆ ಆಗದು.

ಈಗ ನಾಚಿಕೆಯ ಒಂದು ಸಂಗತಿ ಹೇಳುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ?

ಕಾರ್ತೀಕದಲ್ಲಿ ಚನ್ನರಾಯಪಟ್ಟಣದಲ್ಲಿ ಒಂದು ನಾಮಕರಣ. ಮಗಳನ್ನು ಅತ್ತಿಗೆಯ ಹತ್ತಿರ ಬಿಟ್ಟು ನಾನೊಬ್ಬಳೇ ಹೋಗಿದ್ದೆ. ಅಪಘಾತಕ್ಕೆ ಮುಂಚೆ ನಮ್ಮ ಹುಡುಗಿಯನ್ನು ವಿಚಾರಿಸಿದ್ದ ಗಂಡಿನ ತಾಯಿ ಅಲ್ಲಿಗೆ ಬಂದಿದ್ದರು. "ಏನೋ ಬಿದ್ದಳಂತೆ, ಕಾಲಿಗೇನಾದ್ರೂ ಆಯ್ತಾ?" ಎಂದು ಕೇಳಿದರು. ಪಂಕ್ತಿಯಲ್ಲಿ ಕೂತಿದ್ದ ಹತ್ತು ಜನ ಹೆಂಗಸರ ಕಿವಿ ನನ್ನ ಕಡೆಗೆ. "ಏನಿಲ್ಲ, ಒಂಚೂರು ಉಳುಕಿತ್ತು ಅಷ್ಟೇ" ಎಂದುಬಿಟ್ಟೆ. ಎಲೆಯ ಮೇಲಿದ್ದ ಒಬ್ಬಟ್ಟು ಗಂಟಲಲ್ಲಿ ಇಳಿಯಲಿಲ್ಲ.

ಮಾತು ನಿಲ್ಲುತ್ತದೆಯೇ? ನಾನು ವಾಪಸು ಬರುವಷ್ಟರಲ್ಲಿ ಫೋನಿನಲ್ಲಿ ಮಗಳಿಗೆ ಮುಟ್ಟಿತ್ತು. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಹೊಳೆ ಕಡೆ ನಡೆಯುತ್ತಾ ಹೇಳಿದಳು: "ರಾಡು ಹಾಕಿಸ್ಕೊಂಡಾಗ ನಂಗೆ ನಾಚಿಕೆ ಆಗಿರ್ಲಿಲ್ಲ ಅವ್ವ. ನೀನು ಬಚ್ಚಿಟ್ಟ ಮೇಲೆ ಆಯ್ತು. ನಾನೇನು ತಪ್ಪು ಮಾಡಿದೀನಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಹುಡುಗ ಬಿದ್ದು ಕಾಲು ಮುರಿದುಕೊಂಡರೆ 'ಪಾಪ, ಆಕ್ಸಿಡೆಂಟು' ಎನ್ನುತ್ತೇವೆ. ಹುಡುಗಿಗೆ ಆದರೆ ಐಬು. ಹಾಗೆ ಅನ್ನುವವರಲ್ಲಿ ನಾನೂ ಒಬ್ಬಳಾಗಿದ್ದೆ. ಅವತ್ತು ಸಂಜೆಯೇ ಗಂಡಿನ ಮನೆಗೆ ಫೋನ್ ಮಾಡಿದೆ. "ತೊಡೆಯ ಮೂಳೆ ಮುರಿದಿತ್ತು, ರಾಡಿದೆ, ಚೆನ್ನಾಗಿ ಕೂಡ್ತಾ ಇದೆ. ಅವತ್ತು ಸುಳ್ಳು ಹೇಳಿದ್ದು ನನ್ನ ತಪ್ಪು" ಎಂದೆ. "ಆಗಲಿ, ಯೋಚನೆ ಮಾಡಿ ಹೇಳ್ತೀವಿ" ಎಂದರು. ಇವತ್ತಿಗೂ ಹೇಳಿಲ್ಲ. ಹೇಳದಿದ್ದರೆ ಬೇಡ ಬಿಡಿ.

ಡಿಸೆಂಬರಿನಲ್ಲಿ ಮತ್ತೆ ಕೆಲಸಕ್ಕೆ ಸೇರುವ ವಿಷಯ ಮಾತಾಡಲು ಚನ್ನರಾಯಪಟ್ಟಣಕ್ಕೆ ಹೋದೆವು. ಈ ಸಲ ಒಂದೇ ಕೋಲು. ನೋವಿನ ಕಾಲು ಎಡಗಾಲಾದರೆ ಕೋಲು ಬಲಗೈಯಲ್ಲಿರಬೇಕು, ಇದನ್ನು ಎಷ್ಟೋ ಜನ ತಪ್ಪಾಗಿ ಹಿಡಿಯುತ್ತಾರೆ. ಕೆಲಸ ಮುಗಿದ ಮೇಲೆ ಹತ್ತಿರದ ಶ್ರವಣಬೆಳಗೊಳಕ್ಕೂ ಹೋಗಿಬಂದೆವು. ಸಾವಿರ ವರ್ಷಕ್ಕೂ ಹಿಂದೆ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನನ್ನು ನೋಡಲು ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. "ಡೋಲಿ ಮಾಡೋಣವೇನೇ?" ಎಂದೆ. "ಡೋಲಿ ನಿಂಗೆ ಮಾಡಿಸ್ತೀನಿ. ನಾನು ಮುಂದಿನ ವರ್ಷ ನಡ್ಕೊಂಡೇ ಹತ್ತೋದು" ಎಂದಳು. ಕಲ್ಯಾಣಿಯ ಹತ್ತಿರ ಕೂತು ಎಳನೀರು ಕುಡಿದು, ಬೆಟ್ಟಕ್ಕೆ ಕೈ ಮುಗಿದು ಬಂದೆವು.

ಸಂಕ್ರಾಂತಿಗೆ ಅರಕಲಗೂಡಿಗೆ ಮರಳಿದೆವು. ಜಗುಲಿಯ ಮೆಟ್ಟಿಲ ಹತ್ತಿರ ನಾನು ಅಭ್ಯಾಸಬಲದಿಂದ ಅವಳ ರಟ್ಟೆ ಹಿಡಿಯಲು ಕೈ ಚಾಚಿದೆ. ಅವಳು ನೋಡಿದ ನೋಟಕ್ಕೆ ಕೈ ಹಿಂದಕ್ಕೆ ತೆಗೆದುಕೊಂಡೆ. ಮೆಟ್ಟಿಲಿಗೆ ಒಂದು ನಿಯಮವಿದೆ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಅವಳ ಒಳ್ಳೆಯ ಕಾಲು ಬಲಗಾಲು. ಮೂರು ಮೆಟ್ಟಿಲು ಹತ್ತಿ, ಬಲಗಾಲಿಟ್ಟು ಹೊಸ್ತಿಲು ದಾಟಿದಳು. ನಮ್ಮ ಭಾವನವರು ಎದ್ದು ಬಂದು, "ಬಾ ಮಗಾ" ಎಂದು ಎಳ್ಳುಬೆಲ್ಲ ಕೊಟ್ಟರು. ನನಗೂ ಕೊಟ್ಟರು.

ಈಗ ಅವಳು ಶಾಲೆಗೆ ಹೋಗುತ್ತಿದ್ದಾಳೆ. ಮಳೆ ಬಂದರೆ ಸ್ವಲ್ಪ ನೋವು, ಬೇಗ ನಡೆದರೆ ಸ್ವಲ್ಪ ಕುಂಟು. ನಾವೂ ಹಿತ್ತಲಿಗೆ ಹೋಗುವ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದ್ದೇವೆ, ಕಮೋಡು ಹಾಕಿಸಿದ್ದೇವೆ. ಮುಪ್ಪಿಗೆ ನಮಗೇ ಬೇಕಾಗುತ್ತದೆ. ನೀವೂ ಇವತ್ತು ನಿಮ್ಮ ಮನೆಯ ಬಾಗಿಲಿಂದ ಬಚ್ಚಲವರೆಗೆ ಒಮ್ಮೆ ನಡೆದು, ಎಷ್ಟು ಮೆಟ್ಟಿಲಿದೆ ಎಂದು ಎಣಿಸಿ ನೋಡಿ.