ದೀಪಾಲಂಕಾರದ ಹಿಂದಿನ ಕೈಗಳು

ಗಣೇಶನ ಚೌತಿಯಿಂದ ದಸರೆಯವರೆಗೆ ನಮ್ಮ ಅಗ್ರಹಾರದ ಬೀದಿಗಳಲ್ಲಿ ಚಪ್ಪರಗಳೂ ದೀಪಮಾಲೆಗಳೂ ಏಳುವುವು. 1902ರಲ್ಲಿಯೇ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ ಸೀಮೆ ನಮ್ಮದು; ದೀಪದ ಆಸೆ ಸಹಜವೇ. ಆದರೆ ಏಣಿಯೇರಿ ತಂತಿ ಎಳೆಯುವ ಹುಡುಗನು ಈ ವಿದ್ಯೆಯನ್ನು ಯಾರಲ್ಲಿ ಕಲಿತನೆಂದು ನಾವು ಕೇಳುವುದುಂಟೆ?

ಹೊಳೆಯುವುದೆಂಬ ಅರ್ಥದ 'ದ್ಯುತ್' ಧಾತುವಿನಿಂದ 'ವಿದ್ಯುತ್' ಶಬ್ದವು ಹುಟ್ಟಿತು. ತಂತಿಯೊಳಗಿನದಾದರೋ ಹೊಳೆಯದು, ಮುಟ್ಟಿದ ಮೇಲೆಯೇ ತಿಳಿಯುವುದು. 230 ವೋಲ್ಟಿನಲ್ಲಿ ಉರಿಯುವ 10 ವ್ಯಾಟಿನ ಪುಟ್ಟ ದೀಪವು ಸುಮಾರು 40 ಮಿಲಿ ಆಂಪಿಯರ್ ಎಳೆಯುವುದು. ಅಷ್ಟೇ ಎದೆಯ ಮೂಲಕ ಹರಿದರೂ ಪ್ರಾಣಕ್ಕೆ ಅಪಾಯ. ಆದುದರಿಂದಲೇ 30 ಮಿಲಿ ಆಂಪಿಯರ್ ಸೋರುವಷ್ಟರಲ್ಲಿ ಪ್ರವಾಹವನ್ನು ಕಡಿಯುವ ಬ್ರೇಕರ್ ಚಪ್ಪರಕ್ಕೆ ಅವಶ್ಯ.

ಇದು ಮಳೆಯ ಕಾಲದ ಹಬ್ಬ. ಟೇಪು ಸುತ್ತಿದ ತಂತಿಯ ಗಂಟು ನೆಲದ ನೀರಿನಲ್ಲಿ ಬೀಳಬಾರದು. ಕಬ್ಬಿಣದ ಕಂಬಕ್ಕೆ ಭೂಸಂಪರ್ಕದ ಹಸುರು ತಂತಿ ತಪ್ಪಬಾರದು. ಸುರುಳಿ ಬಿಚ್ಚದ ಕೇಬಲ್ಲಿನ ಮೇಲೆ ಹೆಚ್ಚು ಭಾರ ಬಿದ್ದರೆ ಅದು ಕಾದು ಕರಗುವುದು. ಒಬ್ಬನಿಗೆ ಆಘಾತವಾದಲ್ಲಿ ಮೊದಲು ಮೈನ್ ಸ್ವಿಚ್ಚನ್ನು ಆರಿಸಬೇಕೇ ಹೊರತು ಅವನನ್ನು ಹಿಡಿದೆಳೆಯಬಾರದು. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ವಿದ್ಯೆಗೆ 2 ವರ್ಷ ಬೇಕು. ಚಪ್ಪರದ ಹುಡುಗನಿಗಾದರೋ ಮೇಸ್ತ್ರಿಯನ್ನು ನೋಡಿ ಕಲಿತುದೇ ವಿದ್ಯೆ. ಮೇಲೆ ಹೇಳಿದಷ್ಟನ್ನಾದರೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದಲ್ಲವೆ?

ವಂತಿಗೆ ಕೇಳಲು ಬಂದವರಿಗೆ ನಾವು ಹಣದೊಡನೆ ಮೂರು ಪ್ರಶ್ನೆಗಳನ್ನೂ ಕೊಡುತ್ತೇವೆ: ಲೈಸೆನ್ಸುಳ್ಳವರು ಯಾರು? ಬ್ರೇಕರ್ ಎಲ್ಲಿ? ಹುಡುಗರಿಗೆ ಕಲಿಸಿದವರಾರು? ಗೃಹಸ್ಥರೆಲ್ಲರೂ ಹೀಗೆ ಕೇಳಿದರೆ ಉತ್ತರವು ತಾನಾಗಿ ಸಿದ್ಧವಾಗುವುದು. ಹತ್ತು ದೀಪ ಕಡಿಮೆಯಾದರೆ ವಿಘ್ನೇಶ್ವರನು ಮುನಿಯನು. ಒಂದು ಮನೆಯ ದೀಪವು ಆರಿದರೆ ಹೊತ್ತಿಸುವವರಾರು?