ಬೇರೆ ಊರಿನ ಗಂಡು, ಅದೇ ಮನೆಯ ರಕ್ತ

ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ನಾವು ಮೂವರು ಗೆಳೆಯರು ಮೊಲ ಸಾಕಿದ ಕಥೆ ಇದು. ಒಂದೇ ಫಾರಂನಿಂದ 2 ಗಂಡು, 8 ಹೆಣ್ಣು ತಂದಿದ್ದೆವು. ಎಲ್ಲವೂ ನ್ಯೂಜಿಲೆಂಡ್ ವೈಟ್. ಮೊದಲ ವರ್ಷ ಒಂದು ಸೂಲಿಗೆ 7 ಮರಿ ಸಿಗುತ್ತಿದ್ದವು. ಮೂರನೇ ವರ್ಷಕ್ಕೆ 4ಕ್ಕೆ ಇಳಿಯಿತು. ಅದರಲ್ಲೂ ಕೆಲವು ಕಣ್ಣು ಬಿಡುವ ಮೊದಲೇ ಸತ್ತವು. ಮೇವು ಬದಲಿಸಿದೆವು, ಗೂಡು ತೊಳೆದೆವು. ಪ್ರಯೋಜನವಾಗಲಿಲ್ಲ.

ಕುರಿ ಕಾಯುವ ಅಜ್ಜನೊಬ್ಬ ನೋಡಿ ಹೇಳಿದ: "ಹಿಂಡಿನ ಟಗರು ಬದಲಿಸ್ಬೇಕು ಅಂತ ನಮಗೇ ಗೊತ್ತು. ನೀವು ಓದಿದೋರು, ಮಗಳಿಗೂ ಮೊಮ್ಮಗಳಿಗೂ ಅದೇ ಗಂಡು ಬಿಟ್ಟೀರಲ್ರಪ್ಪಾ!"

ನಾಚಿಕೆಯಾಯಿತು. 80 ಕಿಲೋಮೀಟರ್ ದೂರದ ಊರಿನಿಂದ ಹೊಸ ಗಂಡು ತಂದೆವು. ಆರು ತಿಂಗಳಾದರೂ ಹೆಚ್ಚೇನೂ ಸುಧಾರಿಸಲಿಲ್ಲ. ಫೋನ್ ಮಾಡಿ ವಿಚಾರಿಸಿದರೆ, ಅವರೂ ಮೊಲ ತಂದದ್ದು ನಮ್ಮ ಫಾರಂನಿಂದಲೇ!

ಪಶುವೈದ್ಯರ ಹತ್ತಿರ ಹೋದೆವು. "ರೋಗವೂ ಇರಬಹುದು, ಪರೀಕ್ಷೆ ಮಾಡೋಣ. ಆದರೆ ರಕ್ತಸಂಬಂಧ ಹತ್ತಿರವಾದಷ್ಟೂ ಮರಿ ಕಡಿಮೆ, ಮರಿಯ ಶಕ್ತಿಯೂ ಕಡಿಮೆ" ಎಂದರು. ಬಿಳಿ ಕೂದಲು, ಕೆಂಪು ಕಣ್ಣು ನೋಡಿ ಸಂಬಂಧ ತಿಳಿಯದು. ತಳಿಯ ಹೆಸರೂ ಮೋಸ ಮಾಡುತ್ತದೆ: ನ್ಯೂಜಿಲೆಂಡ್ ವೈಟ್ ರೂಪುಗೊಂಡದ್ದು ಅಮೆರಿಕದಲ್ಲಿ!

ಸಂಬಂಧ ಹೇಳುವುದು ಡಿಎನ್‌ಎ. ಅದು ನಾಲ್ಕು ಅಕ್ಷರಗಳ ಉದ್ದನೆಯ ಬರಹ ಎಂದುಕೊಳ್ಳಿ. ಕೆಲವು ಜಾಗಗಳಲ್ಲಿ 'ಸಿಎ ಸಿಎ ಸಿಎ' ಎಂದು ಒಂದೇ ಚೂರು ಮತ್ತೆ ಮತ್ತೆ ಬರುತ್ತದೆ. ಒಂದು ಮೊಲದಲ್ಲಿ 12 ಸಲ, ಇನ್ನೊಂದರಲ್ಲಿ 15 ಸಲ ಇರಬಹುದು. ಇಂಥ ಜಾಗವೇ ಮಾರ್ಕರ್, ಅಂದರೆ ಗುರುತು. ಹೆಸರು ಮೈಕ್ರೋಸ್ಯಾಟಲೈಟ್. ಪ್ರತಿ ಮರಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುತ್ತದೆ. ಸ್ವಲ್ಪ ರಕ್ತ ತೆಗೆದು, ಪಿಸಿಆರ್ ಯಂತ್ರದಲ್ಲಿ ಆ ಜಾಗಗಳನ್ನು ಲಕ್ಷಗಟ್ಟಲೆ ನಕಲು ಮಾಡಿ ಅಳೆಯುತ್ತಾರೆ. ಹಿಂಡಿನ ಹಲವು ಮೊಲಗಳಲ್ಲಿ, ಹಲವು ಜಾಗಗಳಲ್ಲಿ ಎರಡೂ ಪ್ರತಿ ಒಂದೇ ಅಳತೆ ಬಂದರೆ ವೈವಿಧ್ಯ ಕುಸಿದಿದೆ ಎಂದರ್ಥ.

ಸಾಕುಮೊಲದ ವೈವಿಧ್ಯ ಮೊದಲೇ ಕಡಿಮೆ. ಯುರೋಪಿನ ಕಾಡಿನ ಒಂದು ಜಾತಿಯಿಂದಲೇ ಎಲ್ಲ ತಳಿಗಳೂ ಬಂದವು. ಸಾಕುಮೊಲದ ಡಿಎನ್‌ಎ ಫ್ರಾನ್ಸಿನ ಕಾಡುಮೊಲಕ್ಕೆ ತೀರಾ ಹತ್ತಿರ. ಅಲ್ಲಿಂದ ಪ್ರತಿ ಸಲ ಕೆಲವೇ ಮೊಲ ಆರಿಸಿ ತಳಿ ಕಟ್ಟಿದಾಗ ಇನ್ನಷ್ಟು ಕಳೆದುಹೋಯಿತು. ನಮ್ಮ ಹೊಲದಲ್ಲಿ ಓಡುವ ಕಾಡುಮೊಲದಿಂದ ಅದನ್ನು ತುಂಬಿಸಲೂ ಆಗದು. ಅದು ಬೇರೆಯೇ ಜಾತಿ, ವರ್ಣತಂತು 48, ಸಾಕುಮೊಲಕ್ಕೆ 44. ಮೇಲಾಗಿ ಅದನ್ನು ಹಿಡಿಯುವುದು ಅಪರಾಧ.

ಪ್ರಯೋಗಾಲಯ ನಮ್ಮ ಕೈಗೆಟುಕದು. ಅದಕ್ಕೇ 40 ರೂಪಾಯಿಯ ನೋಟ್‌ಬುಕ್ ತಂದಿದ್ದೇವೆ. ಪ್ರತಿ ಮರಿಗೆ ನಂಬರು, ತಾಯಿ ಯಾರು, ತಂದೆ ಯಾರು, ಎಲ್ಲಿಂದ ಬಂದದ್ದು ಎಂದು ಬರೆಯುತ್ತೇವೆ. ಮುಂದಿನ ತಿಂಗಳು ಕೊಡೈಕೆನಾಲ್ ಹತ್ತಿರದ ಮನ್ನವನೂರಿಗೆ ಹೊರಟಿದ್ದೇವೆ. ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಅಲ್ಲಿದೆ. ವೈಟ್ ಜೈಂಟ್, ಸೋವಿಯತ್ ಚಿಂಚಿಲಾ ತಳಿ ಸಾಕುತ್ತಾರೆ.

ನೀವೂ ಮೊಲ ಕೊಳ್ಳುವಾಗ ಬೆಲೆ ಕೇಳುವ ಮೊದಲು ಒಂದು ಮಾತು ಕೇಳಿ: "ಅಣ್ಣಾ, ಇದರ ಅಪ್ಪನ್ನ ಎಲ್ಲಿಂದ ತಂದಿದ್ರಿ?"